ತಾಸೆ, ಟಾರು, ದಾಲ್‌ಪುರಿ: ಟ್ರಿನಿಡಾಡಿನಲ್ಲಿ ಏಳು ದಿನ

ಭಾನುವಾರ

ನ್ಯೂಯಾರ್ಕಿನಲ್ಲಿ ಹಿಮ ಬೀಳುತ್ತಿತ್ತು. ಐದು ಗಂಟೆ ವಿಮಾನದಲ್ಲಿ ಕೂತು ಟ್ರಿನಿಡಾಡಿನ ಪಿಯಾರ್ಕೋ ವಿಮಾನ ನಿಲ್ದಾಣದಲ್ಲಿ ಇಳಿದರೆ ಮಂಗಳೂರಿನದ್ದೇ ಸೆಕೆ. ಜಾಕೆಟ್ ಕಳಚಿ ಸೊಂಟಕ್ಕೆ ಕಟ್ಟಿಕೊಂಡೆ. ನ್ಯೂಜೆರ್ಸಿಯ ತಮ್ಮನ ಮನೆಗೆ ಎಂದು ಬಂದಿದ್ದೆ. ಅವನ ಆಫೀಸಿನ ಗೆಳೆಯನೊಬ್ಬ ಟ್ರಿನಿಡಾಡಿನವನು. "ಇಲ್ಲಿ ಚಳಿಯಲ್ಲಿ ಯಾಕೆ ಒದ್ದಾಡ್ತೀರಿ, ಚಗ್ವಾನಸ್‌ನಲ್ಲಿ ನಮ್ಮತ್ತೆ ಮಹಡಿಯ ಎರಡು ರೂಮು ಬಾಡಿಗೆಗೆ ಕೊಡ್ತಾರೆ, ಹೋಗಿ ಬನ್ನಿ" ಅಂದ. ಹೊರಟೇಬಿಟ್ಟೆವು. ಜನವರಿಯ ಕೊನೆ ವಾರ. ಮಳೆಗಾಲ ಮುಗಿದಿರುತ್ತದೆ, ಕಾರ್ನಿವಲ್ ಹಬ್ಬ ಇನ್ನೂ ಬಂದಿರುವುದಿಲ್ಲ, ಬಾಡಿಗೆಯೂ ಕಮ್ಮಿ.

ನಕ್ಷೆ ಬಿಡಿಸಿ ನೋಡಿದರೆ ಕೆರಿಬಿಯನ್ ದ್ವೀಪಗಳ ಸರದ ತೀರಾ ಕೆಳಗಿನ ಮಣಿ ಟ್ರಿನಿಡಾಡ್. ಅಲ್ಲಿಂದ ವೆನೆಜುವೆಲಾ ಬರೀ 11 ಕಿಲೋಮೀಟರು. ಹಿಂದೊಮ್ಮೆ ದಕ್ಷಿಣ ಅಮೆರಿಕಕ್ಕೇ ಅಂಟಿಕೊಂಡಿದ್ದ ನೆಲ ಇದು. ಹಾಗಾಗಿ ಕಾಡು, ಹಕ್ಕಿ, ನೆಲದಡಿಯ ಎಣ್ಣೆ ಎಲ್ಲವೂ ಆ ಕಡೆಯ ಬಳುವಳಿ. ದ್ವೀಪದ ಅಳತೆ 4,768 ಚದರ ಕಿಲೋಮೀಟರು, ಹೆಚ್ಚುಕಮ್ಮಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಷ್ಟು. ಪಕ್ಕದ ಪುಟ್ಟ ಟೊಬಾಗೊ ಸೇರಿ ಒಂದು ದೇಶ. ಜನ ಸುಮಾರು 14 ಲಕ್ಷ. ಭಾರತದಿಂದ ಬಂದವರ ಮಕ್ಕಳು-ಮೊಮ್ಮಕ್ಕಳು ಮೂರರಲ್ಲೊಂದು ಪಾಲಿಗಿಂತ ತುಸು ಜಾಸ್ತಿ, ಆಫ್ರಿಕಾ ಮೂಲದವರೂ ಹೆಚ್ಚುಕಮ್ಮಿ ಅಷ್ಟೇ.

ಅತ್ತೆ ಅಂದರೆ ಅರವತ್ತು ದಾಟಿದ ಗಟ್ಟಿ ಹೆಂಗಸು. ನಾವೂ ಆಂಟಿ ಅಂತಲೇ ಕರೆದೆವು. ಬಾಗಿಲಲ್ಲೇ ಕೇಳಿದರು, "ಮನೇಲಿ ಹಿಂದಿ ಮಾತಾಡ್ತೀರಾ?"

"ಇಲ್ಲ, ಕನ್ನಡ."

"ಓ, ಕೆನಡಾ!" ಅವರ ಮುಖ ಅರಳಿತು. "ನಾನು ಓದಿದ್ದು ಕೆನೇಡಿಯನ್ ಮಿಷನ್ ಸ್ಕೂಲಲ್ಲೇ."

ತಮಾಷೆ ಅಲ್ಲ. 1868ರಲ್ಲಿ ಕೆನಡಾದಿಂದ ಬಂದ ಪ್ರೆಸ್‌ಬಿಟೇರಿಯನ್ ಪಾದ್ರಿಗಳು ಕಬ್ಬಿನ ತೋಟದ ಭಾರತೀಯ ಮಕ್ಕಳಿಗಾಗಿ ಊರೂರಲ್ಲಿ ಶಾಲೆ ತೆಗೆದಿದ್ದರು. ಇಲ್ಲಿ 'ಕೆನಡಾ' ಅಂದರೆ ಒಂದು ತಲೆಮಾರಿಗೆ ಸ್ಲೇಟು-ಬಳಪ. ನಾವು ಕೆನಡಾದವರಲ್ಲ ಅಂತ ಬಿಡಿಸಿ ಹೇಳುವಷ್ಟರಲ್ಲಿ ಊಟ ಬಂತು. ದಾಲ್‌ಪುರಿ. ಮಡಚಿಟ್ಟ ದೊಡ್ಡ ಮೆತ್ತನೆ ರೊಟ್ಟಿ. ಹರಿದರೆ ಒಳಗಿಂದ ಬೇಳೆಯ ಪುಡಿ ಉದುರುತ್ತದೆ.

"ಇದು ನಮ್ಮ ಹೋಳಿಗೆ! ಬೆಲ್ಲ ಒಂದಿಲ್ಲ ಅಷ್ಟೆ. ನಮ್ಮಲ್ಲೂ ಇದೆ" ಅಂದೆ.

ಅರ್ಧ ಗಂಟೆಯಲ್ಲಿ ಇದೇ ಮಾತು ಮೂರು ಸಲ ಬಂತು. ಬದನೆಕಾಯಿ ಸುಟ್ಟು ಮಾಡಿದ 'ಚೋಕಾ'ಗೆ, ಬೇಳೆಗೆ ಹಾಕುವ 'ಚುಂಕೆ' ಅನ್ನುವ ಒಗ್ಗರಣೆಗೆ. ಇನ್ನು ಮುಂದೆ "ನಮ್ಮಲ್ಲೂ ಇದೆ" ಅಂದಾಗಲೆಲ್ಲ ಒಂದು ಡಬಲ್ಸ್ ದಂಡ ಎಂದು ತಮ್ಮ ಸಾರಿದ. ಡಬಲ್ಸ್ ಏನು ಅಂತ ನನಗೆ ಇನ್ನೂ ಗೊತ್ತಿರಲಿಲ್ಲ. ಒಪ್ಪಿದೆ.

ಸೋಮವಾರ

ಬೆಳಿಗ್ಗೆ ಆರೂವರೆಗೆ ರಸ್ತೆ ಬದಿಯಲ್ಲಿ ದಂಡ ಕಟ್ಟಿದೆ. ಅರಿಶಿನ ಹಾಕಿದ ಹಿಟ್ಟಿನ ಅಂಗೈಯಗಲದ ಮೆತ್ತನೆಯ ಕರಿದ ರೊಟ್ಟಿಗೆ 'ಬಾರಾ' ಅನ್ನುತ್ತಾರೆ. ಹಾಗೆ ಎರಡನ್ನು ಕಾಗದದ ಮೇಲೆ ಹಾಸಿ, ಅದರ ಮೇಲೆ ಒಂದು ಸೌಟು ಕಡಲೆ ಪಲ್ಯ, ಹುಣಸೆ ಚಟ್ನಿ, ಸೌತೆಕಾಯಿ ತುರಿ. ಎರಡು ಬಾರಾ, ಅದಕ್ಕೇ ಡಬಲ್ಸ್. ಮಾರುವವನ ಕೈ ಎಷ್ಟು ಚುರುಕು ಅಂದರೆ ಕಾಗದವನ್ನು ಒಂದೇ ತಿರುವಿಗೆ ಸುತ್ತಿ ಕಿವಿ ಹಿಂಡಿದ ಹಾಗೆ ಹಿಂಡಿ ಕೊಟ್ಟುಬಿಡುತ್ತಾನೆ. "ಸ್ಲೈಟ್?" ಅಂತ ಕೇಳಿದ. ಖಾರ ಸ್ವಲ್ಪವೋ ಜಾಸ್ತಿಯೋ ಅಂತ. ನಾವು ಭಾರತದವರು ಎನ್ನುವ ಜಂಬದಲ್ಲಿ "ಜಾಸ್ತಿ" ಅಂದೆ. ಇದು ಮೊರುಗಾ ಸ್ಕಾರ್ಪಿಯನ್ ಎಂಬ ಮೆಣಸಿನಕಾಯಿಯ ತವರು. 2012ರಲ್ಲಿ ಅದನ್ನು ಜಗತ್ತಿನಲ್ಲೇ ಅತಿ ಖಾರ ಅಂತ ಅಳೆದಿದ್ದರು. ಮುಂದಿನ ಹತ್ತು ನಿಮಿಷ ನಾನು ಯಾರ ಜೊತೆಗೂ ಮಾತಾಡಲಿಲ್ಲ.

ಆಫೀಸಿಗೆ ಹೋಗುವವರು, ಪೊಲೀಸರು, ಶಾಲೆ ಮಕ್ಕಳು, ಕರಿಯರು, ಭಾರತ ಮೂಲದವರು, ಎಲ್ಲರೂ ಅಲ್ಲೇ ನಿಂತು ತಿನ್ನುತ್ತಿದ್ದರು. ಪಕ್ಕದವನೊಬ್ಬ ಕೇಳಿದ, "ಇಂಡಿಯಾದಲ್ಲಿ ಡಬಲ್ಸ್ ಹೇಗಿರುತ್ತೆ?" ಇಲ್ಲವೇ ಇಲ್ಲ ಅಂದಾಗ ಅವನು ನನ್ನನ್ನು ಮರುಕದಿಂದ ನೋಡಿದ. ಇದು 1930ರ ದಶಕದಲ್ಲಿ ಪ್ರಿನ್ಸಸ್ ಟೌನ್ ಕಡೆ ಹುಟ್ಟಿದ ತಿಂಡಿ. ಬಂದ ಸಾಮಾನು ಭಾರತದ್ದು, ತಿಂಡಿ ಮಾತ್ರ ಇಲ್ಲಿಯದ್ದೇ.

ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ಮ್ಯಾಕ್ಸಿಯಲ್ಲಿ ಹೋದೆವು. ನಮ್ಮ ಮ್ಯಾಕ್ಸಿಕ್ಯಾಬಿನಂಥದ್ದೇ ವ್ಯಾನು, ಯಾವ ಕಡೆಯದು ಅನ್ನುವುದಕ್ಕೆ ಮೈಮೇಲೆ ಬಣ್ಣದ ಪಟ್ಟಿ. ನಮ್ಮದು ಹಸಿರು ಪಟ್ಟಿಯದು. ಗಾಡಿಗಳು ಓಡುವುದೂ ನಮ್ಮ ಹಾಗೆ ಎಡಗಡೆ. (ಬಾಯಿಗೆ ಬಂದ ಮಾತು ನುಂಗಿದೆ.) ಊರ ನಡುವೆ ಕ್ವೀನ್ಸ್ ಪಾರ್ಕ್ ಸವಾನಾ ಅಂತ 260 ಎಕರೆಯ ಬಯಲು. ಸುತ್ತ ಎಳನೀರಿನವರು, ಹಿಂದೆ ಹಸಿರು ಬೆಟ್ಟ. ಕಾರ್ನಿವಲ್‌ಗೆ ಆಗಲೇ ಗ್ಯಾಲರಿ ಕಟ್ಟುತ್ತಿದ್ದರು.

ನನಗೆ ನೋಡಬೇಕಿದ್ದದ್ದು ಓವಲ್ ಮೈದಾನ. 1976ರ ಏಪ್ರಿಲ್‌ನಲ್ಲಿ ಇಲ್ಲೇ ಭಾರತ ನಾಲ್ಕನೇ ಇನಿಂಗ್ಸ್‌ನಲ್ಲಿ 4 ವಿಕೆಟಿಗೆ 406 ಹೊಡೆದು ಗೆದ್ದಿತ್ತು. ಗವಾಸ್ಕರ್ 102, ಭದ್ರಾವತಿಯ ವಿಶ್ವನಾಥ್ 112, ಕೊನೆಯಲ್ಲಿ ಬ್ರಿಜೇಶ್ ಪಟೇಲ್ ಔಟಾಗದೆ 49. ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್‌ಗೆ ಆರು ವಿಕೆಟ್. ಈ ಪಂದ್ಯದ ಕಥೆಯನ್ನು ಅಪ್ಪ ಹಬ್ಬದೂಟ ಮುಗಿದ ಮೇಲೆ ಬಡಿಸುತ್ತಿದ್ದರು, ಪ್ರತಿ ಹಬ್ಬಕ್ಕೂ. ಮೂರು ಸ್ಪಿನ್ನರ್‌ಗಳನ್ನು ನಂಬಿ ಡಿಕ್ಲೇರ್ ಮಾಡಿ ಕೈಸುಟ್ಟುಕೊಂಡ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಆಮೇಲೆ ವೇಗದ ಬೌಲರ್‌ಗಳ ಕಡೆ ತಿರುಗಿದ್ದು, ಅದರ ಏಟು ಜಗತ್ತೆಲ್ಲ ತಿಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೇಟಿನ ಕಾವಲುಗಾರ ಒಳಗೆ ಬಿಟ್ಟ. ಹುಲ್ಲಿನ ಮೇಲೆ ಯಾರೂ ಇರಲಿಲ್ಲ. ಅಪ್ಪನಿಗೆ ಒಂದು ಫೋಟೊ ಕಳಿಸಿದೆ. ಭಾರತದಲ್ಲಿ ಆಗ ಮಧ್ಯರಾತ್ರಿ. ಎರಡೇ ನಿಮಿಷಕ್ಕೆ ಉತ್ತರ: "ಸ್ಕೋರ್‌ಬೋರ್ಡ್ ಕಾಣುವ ಹಾಗೆ ಇನ್ನೊಂದು ತೆಗಿ."

ಮಧ್ಯಾಹ್ನ ಮರಾಕಸ್ ಕಡಲು. ಬೆಟ್ಟದ ಅಂಚಿನಲ್ಲಿ ಸುತ್ತುವ ಆ ರಸ್ತೆಯನ್ನು ಮಾಡಿಕೊಟ್ಟದ್ದು ಎರಡನೇ ಮಹಾಯುದ್ಧದಲ್ಲಿ ಇಲ್ಲಿ ನೆಲೆ ಹೂಡಿದ್ದ ಅಮೆರಿಕದ ಸೈನ್ಯ. ತಮ್ಮ ಮೀನು ತಿನ್ನುತ್ತಾನೆ, ಅವನಿಗೆ 'ಬೇಕ್ ಅಂಡ್ ಶಾರ್ಕ್' ಸಿಕ್ಕಿತು, ಬೇಕ್ ಅನ್ನುವ ಕರಿದ ರೊಟ್ಟಿಯೊಳಗೆ ಶಾರ್ಕ್ ಮೀನು. ನನಗೆ ಬೇಕ್ ಮಾತ್ರ.

ರಾತ್ರಿ ಆಂಟಿಯ ಮಗ ನಮ್ಮನ್ನು ಒಂದು ಪ್ಯಾನ್‌ಯಾರ್ಡ್‌ಗೆ ಕರೆದುಕೊಂಡು ಹೋದ. ರಾತ್ರಿ ಸುಮ್ನೆ ಅಡ್ಡಾಡಬೇಡಿ, ಕಾಲ ಸರಿಯಿಲ್ಲ ಅಂತ ಆಂಟಿ ನಾಲ್ಕು ಸಲ ಹೇಳಿದ್ದರು. ಪ್ಯಾನ್‌ಯಾರ್ಡ್ ಅಂದರೆ ತಗಡಿನ ಚಾವಣಿಯ ಬಯಲು. ಅಲ್ಲಿ ನೂರು ಜನ ಪನೊರಾಮಾ ಎಂಬ ಸ್ಟೀಲ್‌ಪ್ಯಾನ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದರು. ಸ್ಟೀಲ್‌ಪ್ಯಾನ್ ಎಂದರೆ ಎಣ್ಣೆ ತುಂಬುವ ಡ್ರಮ್ಮೇ. ತಳವನ್ನು ಸುತ್ತಿಗೆಯಿಂದ ಬಡಿದು ಬಡಿದು ಬಾಣಲೆಯ ಹಾಗೆ ತಗ್ಗು ಮಾಡುತ್ತಾರೆ. ಆ ತಗ್ಗಿನಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಉಬ್ಬು. ರಬ್ಬರ್ ಸುತ್ತಿದ ಕೋಲಿನಿಂದ ಮುಟ್ಟಿದರೆ ಸಾಕು, ಗಂಟೆಗೂ ನೀರಿಗೂ ನಡುವಿನ ಒಂದು ದನಿ. 1880ರ ದಶಕದಲ್ಲಿ ಬ್ರಿಟಿಷರು ಕರಿಯರ ಚರ್ಮವಾದ್ಯಗಳಿಗೆ ಕಡಿವಾಣ ಹಾಕಿದರು. ಜನ ಬಿದಿರು ಕುಟ್ಟಿದರು. ಆಮೇಲೆ ಬಿಸ್ಕತ್ತಿನ ಡಬ್ಬ, ಕಸದ ಡಬ್ಬದ ಮುಚ್ಚಳ. 1940ರ ದಶಕದಲ್ಲಿ ಎಣ್ಣೆ ಡ್ರಮ್ಮು ಕೈಗೆ ಬಂತು. ಒಂದು ಕಾಲದಲ್ಲಿ ಪುಂಡರ ವಾದ್ಯ ಅನ್ನಿಸಿಕೊಂಡದ್ದು 1992ರಲ್ಲಿ ರಾಷ್ಟ್ರ ವಾದ್ಯವಾಯಿತು. ರಾಷ್ಟ್ರ ಲಾಂಛನದಿಂದ ಕೊಲಂಬಸ್‌ನ ಮೂರು ಹಡಗು ತೆಗೆದು ಸ್ಟೀಲ್‌ಪ್ಯಾನ್ ಹಾಕಲು 2025ರಲ್ಲಿ ಸಂಸತ್ತೂ ಒಪ್ಪಿತು.

ಎದುರಿಗೆ ಸ್ವರಲಿಪಿಯ ಹಾಳೆ ಯಾರಿಗೂ ಇಲ್ಲ. ಕಲಿಸುವವನು ನಾಲ್ಕು ಸ್ವರ ನುಡಿಸುತ್ತಾನೆ, ಸಾಲು ಕಲಿಯುತ್ತದೆ. ಹನ್ನೆರಡು ವರ್ಷದ ಹುಡುಗಿ, ಪಕ್ಕದಲ್ಲಿ ನೆರೆತ ಗಡ್ಡದವನು. ಅದೇ ನಾಲ್ಕು ಸ್ವರವನ್ನು ಇಪ್ಪತ್ತು ಸಲ ಕೇಳಿದೆ. ಬೇಜಾರಾಗಲಿಲ್ಲ.

ಮಂಗಳವಾರ

ಕಬ್ಬಿನ ಸೀಮೆ. ಕಬ್ಬು ಮಾತ್ರ ಇಲ್ಲ. ಗುಲಾಮಗಿರಿ 1838ಕ್ಕೆ ಪೂರ್ತಿ ಹೋದ ಮೇಲೆ ತೋಟಗಳಿಗೆ ಆಳು ಬೇಕಾಯಿತು. 1845ರ ಮೇ 30ರಂದು 'ಫಾತೆಲ್ ರಜಾಕ್' ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯರನ್ನು ಇಳಿಸಿತು. 1917ರವರೆಗೆ ಹೀಗೆ ಬಂದವರು 1 ಲಕ್ಷ 40 ಸಾವಿರಕ್ಕೂ ಮೇಲೆ. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯ ಭೋಜಪುರಿ ಮಾತಿನವರು, ಕಲ್ಕತ್ತೆಯಿಂದ ಹಡಗು ಹತ್ತಿದವರು. ಕೆಲವು ಹಡಗು ಮದ್ರಾಸಿನಿಂದಲೂ ಬಂದವು. ಆಂಟಿಯ ಹಿತ್ತಲಲ್ಲಿ ಕರಿಬೇವಿನ ಗಿಡ ಇದೆ. ಅದನ್ನು ಅವರು 'ಕರಪುಲೆ' ಅನ್ನುತ್ತಾರೆ. ಆ ಹೆಸರು ಕಲ್ಕತ್ತೆ ಹಡಗಿನದಲ್ಲ ಅಂತ ನನಗನ್ನಿಸಿತು. ಆಂಟಿಗೆ ಅದರ ಗೊಡವೆ ಇಲ್ಲ. ಗಿಡ ಚೆನ್ನಾಗಿದೆ, ಸಾಕು.

ಸಕ್ಕರೆಯನ್ನು ಸರ್ಕಾರಿ ಕಂಪನಿಯೇ ನಡೆಸುತ್ತಿತ್ತು. ನಷ್ಟ ತಡೆಯಲಾರದೆ 2003ರಲ್ಲಿ ಮುಚ್ಚಿದರು. ಸುಮಾರು ಒಂಬತ್ತು ಸಾವಿರ ಜನರ ಕೆಲಸ ಹೋಯಿತು. ಆಂಟಿಯ ಗಂಡನದ್ದೂ. ತಲಾ ಎರಡು ಎಕರೆ ಜಮೀನು ಕೊಡುವ ಮಾತಾಯಿತು, ಕೈಗೆ ಬರಲು ವರ್ಷಗಟ್ಟಲೆ ಹಿಡಿಯಿತು. ಈಗ ಅವರು ಬೆಂಡೆ, ಅಲಸಂದೆ ಬೆಳೆದು ಸಂತೆಗೆ ಹಾಕುತ್ತಾರೆ. "ಕಬ್ಬು ಕಡಿಯುವಾಗ ಕಬ್ಬನ್ನು ಬೈದೆ, ಈಗ ವಾಸನೆ ನೆನಪಾಗುತ್ತೆ" ಅಂದರು.

ವಾಟರ್‌ಲೂ ಎಂಬಲ್ಲಿ ಕಡಲೊಳಗಿನ ದೇವಸ್ಥಾನ. ಸಿವದಾಸ್ ಸಾಧು ಎಂಬ ಕಬ್ಬಿನ ಕೂಲಿ 1947ರಲ್ಲಿ ಸಕ್ಕರೆ ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದರು. 1952ರಲ್ಲಿ ಅದನ್ನು ಕೆಡವಿದರು, ಸಾಧುವನ್ನು ಜೈಲಿಗೂ ಹಾಕಿದರು. ನೆಲಕ್ಕೆ ಒಡೆಯರಿದ್ದಾರೆ, ಕಡಲಿಗೆ ಯಾರು? ಹೊರಬಂದವರೇ ಸಮುದ್ರದಲ್ಲಿ ಕಟ್ಟಲು ಶುರು ಮಾಡಿದರು. ಸೈಕಲ್ಲಿಗೆ ಬಕೆಟ್ ನೇತುಹಾಕಿಕೊಂಡು ಕಲ್ಲು, ಸಿಮೆಂಟು ಸಾಗಿಸಿದರು. ನೀರು ಇಳಿದಾಗ ಹೋಗಿ ಸುರಿಯುವುದು, ಏರುವ ಮೊದಲು ಬರುವುದು. ಇಪ್ಪತ್ತೈದು ವರ್ಷದಷ್ಟು ಇದೇ ಕೆಲಸ. ಅಲೆ ತಿಂದುಹಾಕಿದ್ದನ್ನು ಭಾರತೀಯರು ಬಂದು 150 ವರ್ಷ ತುಂಬಿದ ಹೊತ್ತಿಗೆ, 1995ರಲ್ಲಿ ಸರ್ಕಾರವೇ ಹೊಸದಾಗಿ ಕಟ್ಟಿಸಿತು. ನಾವು ಹೋದಾಗ ನೀರು ಇಳಿದಿತ್ತು. ಸುತ್ತ ಬೂದು ಕೆಸರು, ಕಂಬಕ್ಕೊಂದರಂತೆ ಪೆಲಿಕನ್ ಹಕ್ಕಿ, ಪಕ್ಕದಲ್ಲೇ ಸುಡುಗಾಡು. ನೋಡಲು ಸೊಬಗಿನ ಜಾಗವೇನಲ್ಲ. ಆದರೂ ಒಂದೂವರೆ ಗಂಟೆ ಕೂತೆವು.

ಹತ್ತಿರದ ಕಾರಾಪಿಚೈಮಾದಲ್ಲಿ 85 ಅಡಿಯ ಹನುಮಂತ. ತೆಂಗಿನಮರಗಳ ಮೇಲಿಂದ ದೂರಕ್ಕೇ ಮುಖ ಕಾಣುತ್ತದೆ. ಪಕ್ಕದ ದತ್ತಾತ್ರೇಯ ದೇವಸ್ಥಾನಕ್ಕೆ ನಮ್ಮ ಕಡೆಯ ಗೋಪುರ. ಎದುರಿಗೆ ನಿಂತ ಆನೆಗಳನ್ನು ನೋಡುತ್ತಿದ್ದಾಗ ಗೋಡೆಯ ಮೇಲಿನ ಫೋಟೊ ಕಣ್ಣಿಗೆ ಬಿತ್ತು. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿ! ಊಟಿ ರಸ್ತೆಯ ದತ್ತಪೀಠದವರೇ ಇದನ್ನು ಮಾಡಿಸಿದ್ದು, 2003ರಲ್ಲಿ. ಬಸ್ಸಿನಲ್ಲಿ ನೂರು ಸಲ ಆ ಆಶ್ರಮದ ಮುಂದೆ ಹೋದವನು ನಾನು, ಒಂದು ಸಲವೂ ಒಳಗೆ ಹೋಗಿರಲಿಲ್ಲ. "ನಮ್ಮಲ್ಲೂ..." ಅಂದೆ. ಇದಕ್ಕೆ ಎರಡು ಡಬಲ್ಸ್ ಎಂದ ತಮ್ಮ.

ಬುಧವಾರ

ತೆಂಕಣದ ಕಡೆ ಹೋಗುವ ಹೆದ್ದಾರಿಯಲ್ಲಿ ಪಾಯಿಂಟ್ ಲೀಸಸ್‌ನ ಕೊಳವೆ, ಚಿಮಣಿ, ಟ್ಯಾಂಕುಗಳ ಕಾಡು ಕಾಣಿಸುತ್ತದೆ. ದೇಶದ ಗಂಟು ಇರುವುದು ಇಲ್ಲಿ. ಬೀಚ್ ತೋರಿಸಿ ಬದುಕುವ ಪಕ್ಕದ ದ್ವೀಪಗಳ ಹಾಗಲ್ಲ ಟ್ರಿನಿಡಾಡ್. 1908ರಿಂದ ಎಣ್ಣೆ ತೆಗೆದು ಮಾರುತ್ತಿದೆ. ಈಗ ಹೆಚ್ಚಾಗಿ ನೈಸರ್ಗಿಕ ಅನಿಲ. ಅದರಿಂದ ಅಮೋನಿಯ, ಮೆಥನಾಲ್ ಮಾಡಿ ಹೊರಗೆ ಕಳಿಸುವುದರಲ್ಲಿ ಜಗತ್ತಿನ ಮುಂಚೂಣಿಯಲ್ಲಿದೆ. ಅನಿಲವನ್ನು ತಣ್ಣಗೆ ಮಾಡಿ ಹಡಗಿಗೆ ತುಂಬುವ ಕೆಲಸ ಪಾಯಿಂಟ್ ಫೋರ್ಟಿನ್‌ನಲ್ಲಿ 1999ರಲ್ಲಿ ಶುರುವಾಯಿತು. ಆದರೆ ಬಾವಿಗಳು ಹಳತಾಗುತ್ತಿವೆ. ದೊಡ್ಡ ರಿಫೈನರಿ 2018ರಲ್ಲಿ ಬಾಗಿಲು ಹಾಕಿತು. ಅಮೆರಿಕನ್ ಡಾಲರಿಗೆ ಬ್ಯಾಂಕಿನಲ್ಲಿ ಬರ. ನಾವು ಬಾಡಿಗೆ ಡಾಲರಿನಲ್ಲೇ ಕೊಡುತ್ತೇವೆ ಅಂದಾಗ ಆಂಟಿಗೆ ಆದ ಖುಷಿ ಅದಕ್ಕೇ.

ಲಾ ಬ್ರಿಯಾ ಹತ್ತಿರವಾದ ಹಾಗೆ ರಸ್ತೆ ಅಲೆಅಲೆಯಾಯಿತು. ಮನೆಗಳು ಒಂದೊಂದು ಕಡೆ ವಾಲಿ ನಿಂತಿವೆ, ಕಾಂಪೌಂಡಿನ ಗೋಡೆ ಹಾವಿನ ಹಾಗೆ. ಅಡಿಯಲ್ಲಿ ಟಾರು ಸರಿಯುತ್ತಲೇ ಇರುತ್ತದೆ.

ಪಿಚ್ ಲೇಕ್ ಮೊದಲ ನೋಟಕ್ಕೆ ದೊಡ್ಡ ಪಾರ್ಕಿಂಗ್ ಜಾಗದ ಹಾಗಿತ್ತು. "ಇದನ್ನ ನೋಡೋಕೆ ಬಂದ್ವಾ?" ಅಂದ ತಮ್ಮ. ಸುಮಾರು 100 ಎಕರೆ, ನಡುವೆ ಆಳ 75 ಮೀಟರಿನಷ್ಟು, ಜಗತ್ತಿನ ಅತಿ ದೊಡ್ಡ ನೈಸರ್ಗಿಕ ಡಾಂಬರು ಕೆರೆ. ನೆಲದಡಿಯ ಎಣ್ಣೆ ಬಿರುಕಿನಲ್ಲಿ ಮೇಲೆ ಬಂದು, ಹಗುರವಾದದ್ದು ಆವಿಯಾಗಿ ಹೋಗಿ, ಕೆಸರಿನ ಜೊತೆ ಕಲಸಿ ಉಳಿದದ್ದು ಇದು. ಗೈಡ್ ಮುಂದೆ, ನಾವು ಅವನ ಹೆಜ್ಜೆಯಲ್ಲೇ ಹಿಂದೆ. ಮೇಲ್ಮೈ ಆನೆಯ ಚರ್ಮದ ಹಾಗೆ ಸುಕ್ಕುಸುಕ್ಕು. ಕಾಲಿಟ್ಟರೆ ತುಸು ತಗ್ಗುತ್ತದೆ, ಎತ್ತಿದರೆ ನಿಧಾನಕ್ಕೆ ಏಳುತ್ತದೆ. ಮಡಿಕೆಗಳಲ್ಲಿ ಮಳೆನೀರು ನಿಂತು ಹೊಂಡಗಳಾಗಿವೆ, ಅದರಲ್ಲಿ ಚಿಟಿಕೆಯಷ್ಟು ಮೀನು, ಅಂಚಿನಲ್ಲಿ ತಾವರೆ ಜಾತಿಯ ಹೂವು. ಗಂಧಕದ ನೀರು ಚರ್ಮಕ್ಕೆ ಒಳ್ಳೆಯದು ಅಂತ ನಾಲ್ಕು ಅಜ್ಜಿಯರು ಕತ್ತಿನವರೆಗೆ ಮುಳುಗಿ ಹರಟೆ ಹೊಡೆಯುತ್ತಿದ್ದರು.

ಒಂದು ಕಡೆ ಗೈಡ್ ಕೋಲು ಚುಚ್ಚಿ ಎತ್ತಿದ. ಕರಿ ಟಾರು ಎಳೆಎಳೆಯಾಗಿ ಬಂತು, ಜೋನಿಬೆಲ್ಲದ ಹಾಗೆ, ಹೊಳೆಯುತ್ತಾ. "ಇಲ್ಲಿ ನಿಲ್ಲಬೇಡಿ" ಅಂದ. ತಮ್ಮ ಅಲ್ಲೇ ನಿಂತಿದ್ದ. ಹೊಸ ಬಿಳಿ ಶೂ. ಕಾಲು ಬಂತು, ಶೂ ಬರಲಿಲ್ಲ. ಇಬ್ಬರೂ ಹಿಡಿದು ಎಳೆದಾಗ 'ಪ್ಲಕ್' ಅಂತ ಬಂತು, ಅಡಿಯಲ್ಲಿ ಒಂದು ಸೇರು ಡಾಂಬರಿನ ಸಮೇತ. ಸೀಮೆಎಣ್ಣೆಯಲ್ಲಿ ತೊಳೆದರೆ ಹೋಗುತ್ತದೆ ಎಂದು ಗೈಡ್ ಸಮಾಧಾನ ಹೇಳಿದ. ಹೋಗಲಿಲ್ಲ.

1595ರಲ್ಲಿ ಇಂಗ್ಲೆಂಡಿನ ನಾವಿಕ ವಾಲ್ಟರ್ ರಾಲಿ ತನ್ನ ಹಡಗಿನ ಬಿರುಕಿಗೆ ಇದನ್ನೇ ಮೆತ್ತಿದ್ದ. 1876ರಲ್ಲಿ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂಗೆ ಹಾಸಿದ್ದೂ ಈ ಟಾರನ್ನೇ. ಒಂದು ಮೂಲೆಯಲ್ಲಿ ಈಗಲೂ ಅಗೆಯುತ್ತಾರೆ. ಅಗೆದ ಗುಂಡಿ ಕೆಲವೇ ದಿನಕ್ಕೆ ತಾನಾಗಿ ತುಂಬಿಕೊಳ್ಳುತ್ತದೆ. ಮೂಲನಿವಾಸಿಗಳ ಕಥೆ ಬೇರೆ. ಇಲ್ಲೊಂದು ಊರಿತ್ತಂತೆ. ಯುದ್ಧ ಗೆದ್ದ ಸಂಭ್ರಮದಲ್ಲಿ ಝೇಂಕಾರದ ಹಕ್ಕಿಗಳನ್ನು ಬೇಯಿಸಿ ತಿಂದರಂತೆ. ಆ ಹಕ್ಕಿಗಳಲ್ಲಿ ಇದ್ದದ್ದು ಅವರ ಹಿರಿಯರ ಆತ್ಮಗಳೇ. ದೇವರು ಸಿಟ್ಟಾಗಿ ಇಡೀ ಊರನ್ನು ಟಾರಿನಲ್ಲಿ ಮುಳುಗಿಸಿದ.

ವಾಪಸ್ ಬರುವಾಗ ಡೀಬೆ ಎಂಬ ಊರಲ್ಲಿ ತಿಂಡಿ ಅಂಗಡಿಗಳ ಸಾಲು. ಫುಲೋರಿ, ಕಚೋರಿ, 'ಸಹಿನಾ'. ಸಹಿನಾ ಕಚ್ಚಿದೆ. ಕೆಸುವಿನೆಲೆಗೆ ಬೇಳೆಹಿಟ್ಟು ಹಚ್ಚಿ, ಸುರುಳಿ ಸುತ್ತಿ, ಹೆಚ್ಚಿ, ಕರಿದದ್ದು. ಪತ್ರೊಡೆ! ಬಾಯಿ ಬಿಡಲಿಲ್ಲ, ಆದರೂ ತಮ್ಮ ನನ್ನ ಮುಖ ನೋಡಿಯೇ ಒಂದು ದಂಡ ಹಾಕಿದ.

ಗುರುವಾರ, ಶುಕ್ರವಾರ

ಟೊಬಾಗೊಗೆ ವಿಮಾನದಲ್ಲಿ ಇಪ್ಪತ್ತೈದು ನಿಮಿಷ. ಅದೇ ದೇಶ, ಬೇರೆಯೇ ಲೋಕ. ಆಫ್ರಿಕಾ ಮೂಲದವರೇ ಜಾಸ್ತಿ, ಕಾರ್ಖಾನೆ ಇಲ್ಲ, ಆತುರವೂ ಇಲ್ಲ. ಪೋಸ್ಟರಿನಲ್ಲಿ ಕಾಣುವ ಕೆರಿಬಿಯನ್ ಇದೇ. ಗಾಜಿನ ತಳದ ದೋಣಿಯಲ್ಲಿ ಬುಕ್ಕೂ ಹವಳದ ದಿಬ್ಬ ನೋಡಿದೆವು. ಆಮೇಲೆ ನೈಲಾನ್ ಪೂಲ್. ದಡ ದೂರದಲ್ಲಿದೆ, ಸುತ್ತ ಸಮುದ್ರ, ಆದರೆ ಇಳಿದರೆ ಸೊಂಟದಷ್ಟೇ ನೀರು. ನೀರು ನೈಲಾನ್ ಬಟ್ಟೆಯಷ್ಟು ತೆಳ್ಳಗೆ ಕಾಣುತ್ತದೆಂದು ಬ್ರಿಟನ್ನಿನ ರಾಜಕುಮಾರಿ ಮಾರ್ಗರೆಟ್ ಇಟ್ಟ ಹೆಸರಂತೆ. ದ್ವೀಪದ ಬೆನ್ನಿನ ಮೇಲಿನ ಕಾಡಿಗೆ 1776ರಿಂದಲೇ ಕಾನೂನಿನ ರಕ್ಷಣೆ ಇದೆ. ಮರ ಕಡಿದರೆ ಮಳೆ ಹೋಗುತ್ತದೆ, ಮಳೆ ಹೋದರೆ ಕಬ್ಬು ಹೋಗುತ್ತದೆ ಎನ್ನುವ ಲೆಕ್ಕ. ಅಮೆರಿಕ ಸ್ವಾತಂತ್ರ್ಯ ಸಾರಿದ ವರ್ಷವೇ ಅದು!

ಶುಕ್ರವಾರ ಸಂಜೆ ವಾಪಸ್ ವಿಮಾನ ನಾಲ್ಕು ಗಂಟೆ ತಡ. ಯಾಕೆ ಅಂತ ಯಾರೂ ಹೇಳಲಿಲ್ಲ. ಪಕ್ಕದ ಹೆಂಗಸು ಒಂದು ಪೊಟ್ಟಣ ಹುಣಸೆ ಉಂಡೆ ತೆಗೆದು ಸುತ್ತಲಿನವರಿಗೆಲ್ಲ ಹಂಚಿದರು. "ಸುಮ್ನೆ ಲೈಮ್ ಮಾಡಿ" ಅಂದರು. ಲೈಮ್ ಅಂದರೆ ಕೆಲಸವಿಲ್ಲದೆ ಕೂತು ಹರಟುವುದು. ಅಶ್ವತ್ಥಕಟ್ಟೆಯಲ್ಲಿ ಬೆಳೆದವರಿಗೆ ಬೇರೆ ವಿವರಣೆ ಬೇಡ ಅಲ್ವಾ?

ಶನಿವಾರ

ಸಂಜೆ ನಾಲ್ಕಕ್ಕೆ ಕರೋನಿಯ ಜೌಗು. ಚಪ್ಪಟೆ ದೋಣಿ, ಎರಡೂ ಕಡೆ ಕಾಂಡ್ಲಾ ಕಾಡು, ಕೊಂಬೆಯಲ್ಲಿ ಸುರುಳಿ ಸುತ್ತಿ ಮಲಗಿದ ಹೆಬ್ಬಾವಿನ ಜಾತಿಯ ಹಾವು. ದೊಡ್ಡ ಕೊಳದಲ್ಲಿ ಎಂಜಿನ್ ನಿಲ್ಲಿಸಿದರು. ಎದುರಿಗೆ ಹಸಿರು ದಿಬ್ಬ. ಮೊದಲು ಮೂರು, ಆಮೇಲೆ ಹತ್ತು, ಆಮೇಲೆ ಹಿಂಡುಹಿಂಡು. ಕೆಂಪು ಐಬಿಸ್, ದೇಶದ ರಾಷ್ಟ್ರಪಕ್ಷಿ. ಕೆಂಪು ಅಂದರೆ ಕುಂಕುಮದ ಕೆಂಪು, ರೆಕ್ಕೆಯ ತುದಿಯಲ್ಲಿ ಮಾತ್ರ ಕಪ್ಪು. ಮರಿಗಳು ಬೂದುಬಣ್ಣ. ಸಿಗಡಿ, ಏಡಿ ತಿಂದೂ ತಿಂದೂ ಕೆಂಪಾಗುತ್ತವೆ. ವೆನೆಜುವೆಲಾ ಕಡೆಯಿಂದಲೂ ಕೆಲವು ಬರುತ್ತವಂತೆ. ಕತ್ತಲಾಗುವಷ್ಟರಲ್ಲಿ ದಿಬ್ಬದ ಮರಗಳೆಲ್ಲ ಹೂಬಿಟ್ಟ ಮುತ್ತುಗದ ಹಾಗಾದವು. ದೋಣಿಯಲ್ಲಿದ್ದ ಮೂವತ್ತು ಜನರಲ್ಲಿ ಒಂದು ಮಗು ಬಿಟ್ಟು ಯಾರೂ ಮಾತಾಡಲಿಲ್ಲ.

ಮನೆಗೆ ಬಂದರೆ ಪಕ್ಕದಲ್ಲಿ ಮದುವೆಯ ಹಿಂದಿನ ರಾತ್ರಿ. 'ಕುಕಿಂಗ್ ನೈಟ್' ಅನ್ನುತ್ತಾರೆ. ಕೇರಿಯೆಲ್ಲ ಸೇರಿ ನಾಳೆಯ ಅಡುಗೆಗೆ ತರಕಾರಿ ಹೆಚ್ಚುವುದು, ನಡುನಡುವೆ ಕುಣಿಯುವುದು. ಕರೆಯದಿದ್ದರೂ ಹೋಗಬಹುದು ಎಂದು ಆಂಟಿ ನಮ್ಮಿಬ್ಬರ ಕೈಗೂ ಚಾಕು ಕೊಟ್ಟು ಕುಂಬಳಕಾಯಿ ರಾಶಿಯ ಮುಂದೆ ಕೂರಿಸಿದರು. ಬಾಣಲೆಯೊಂದು ಮಗು ಸ್ನಾನ ಮಾಡುವಷ್ಟು ದೊಡ್ಡದು.

ಗೇಟಿನ ಹೊರಗೆ ನಾಲ್ಕು ಹುಡುಗರು ರಟ್ಟು ಸುಟ್ಟು ಬೆಂಕಿ ಮಾಡಿದ್ದರು. ಮಣ್ಣಿನ ಬಟ್ಟಲಿಗೆ ಆಡಿನ ಚರ್ಮ ಬಿಗಿದ ವಾದ್ಯವನ್ನು ಅದರ ಮುಂದೆ ಹಿಡಿದು ತಿರುಗಿಸುತ್ತಿದ್ದರು. ಊರಿನ ಜಾತ್ರೆಯಲ್ಲಿ ತಮಟೆಯನ್ನು ಹೀಗೆ ಕಾಯಿಸುವುದು ಕಂಡಿದ್ದೆ. ಬಿಸಿಯಾದ ಮೇಲೆ ಒಬ್ಬ ಕತ್ತಿಗೆ ಹಾಕಿಕೊಂಡು ಎರಡು ತೆಳ್ಳನೆ ಕೋಲಿನಲ್ಲಿ ಒಂದು ಪೆಟ್ಟು ಕೊಟ್ಟ. ತಮ್ಮ ಕುಂಬಳಕಾಯಿ ಬಿಟ್ಟು ಎದ್ದು ನಿಂತ. ನನಗೂ ಮೈ ಜುಂ ಅಂದಿತು. ನವರಾತ್ರಿಯಲ್ಲಿ ಮಂಗಳೂರಿನ ಬೀದಿ ಮೂಲೆಯಿಂದ ಹುಲಿವೇಷ ಬರುವ ಮೊದಲು ಬರುವ ಸದ್ದು ಅದು.

"ಇದಕ್ಕೆ ಏನಂತೀರಿ?"

"ತಾಸಾ" ಅಂದ ಹುಡುಗ.

ನಮ್ಮೂರಲ್ಲಿ ಅದು ತಾಸೆ. ಬೇರೆ ಹಡಗು, ಬೇರೆ ಬಂದರು, ಬೇರೆ ಭಾಷೆ. ಮೊಹರಂನ ಹೊಸೇ ಮೆರವಣಿಗೆಯಲ್ಲೂ, ಹಿಂದೂ ಮದುವೆಯಲ್ಲೂ, ಕಾರ್ನಿವಲ್‌ನಲ್ಲೂ ಇಲ್ಲಿ ಇದೇ ಬಡಿಯುತ್ತಾರೆ. ದೊಡ್ಡ ಡೋಲು ಸೇರಿತು, ಆಮೇಲೆ ಕಂಚಿನ ತಾಳ. ಅಜ್ಜಿಯರು ಸೊಂಟ ಕುಣಿಸಲು ಇಳಿದರು. ತಮ್ಮ ಟಾರು ಮೆತ್ತಿದ ಶೂ ಕಳಚಿ ಬದಿಗಿಟ್ಟ. ಬರಿಗಾಲಲ್ಲಿ, ಪಂಜ ಎತ್ತಿ, ಎರಡು ಹೆಜ್ಜೆ ಹುಲಿ ಕುಣಿದ. ಹುಡುಗ ಒಂದು ಗಳಿಗೆ ಅವನ ಕಾಲು ನೋಡಿ ಪೆಟ್ಟನ್ನು ಅದಕ್ಕೆ ಹೊಂದಿಸಿಕೊಂಡ.

ನಾನು ಬಾಯಿ ತೆರೆದೆ. ತಮ್ಮ ಕುಣಿಯುತ್ತಲೇ ನನ್ನ ಕಡೆ ತಿರುಗಿ ಒಂದು ಬೆರಳು ಎತ್ತಿ ತೋರಿಸಿದ. ನಾಳೆ ಬೆಳಿಗ್ಗೆ ವಿಮಾನಕ್ಕೆ ಮೊದಲು ಇನ್ನೂ ಒಂದು ಡಬಲ್ಸ್. ಈ ಸಲ ಸ್ಲೈಟ್.